ಜೀರ್ಜಿಂಬೆ ಹಸಿರಿನ ಕಂಟ್ರೋಲರ್

ಗೇಮ್ ಕಂಟ್ರೋಲರ್‌ಗೆ ಮೆಟಾಲಿಕ್ ಬಣ್ಣ ಹೊಡೆಯುವುದು ಹೇಗೆ ಅಂತ ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ಹಳ್ಳಿಮನೆಯಲ್ಲಿ ಕೂತು ಅದನ್ನೇ ಮಾಡಲು ಹೋದರೆ ಲೆಕ್ಕ ಬೇರೆ. ನಾನು ಬಣ್ಣಕ್ಕಿಂತ ಮೊದಲು ಕೊಂಡದ್ದು ಗಾಳಿಯ ತೇವ ತೋರಿಸುವ ಸಣ್ಣ ಮೀಟರು.

ಕಾರಣ ಇಷ್ಟೇ. ಸ್ಪ್ರೇ ಬಣ್ಣದಲ್ಲಿರುವ ಟಿನ್ನರ್ ಬೇಗ ಆರುತ್ತದೆ, ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಹಸಿ ಬಣ್ಣದ ಮೇಲೆ ಕೂತು ಬಿಳಿಚಿದ ಹಾಗೆ ಮಬ್ಬು ಹಿಡಿಸುತ್ತದೆ. ಕಾರ್ ಪೇಂಟರ್‌ಗಳು ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ಮೀಟರು ಶೇ. 70 ದಾಟಿದರೆ ನಾನು ಡಬ್ಬಿ ಮುಟ್ಟುವುದಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ರಜೆ. ದೀಪಾವಳಿ ಕಳೆಯಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು ಶುರು. ಅಂಗಳದ ತುಂಬಾ ಸಿಪ್ಪೆ, ಗಾಳಿಯ ತುಂಬಾ ಧೂಳು. ಸಂಕ್ರಾಂತಿಯಿಂದ ಯುಗಾದಿವರೆಗಿನ ದಿನಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದೂ ಇಬ್ಬನಿ ಪೂರ್ತಿ ಆರಿದ ಮೇಲೆ, 11ರಿಂದ 3 ಗಂಟೆಯೊಳಗೆ. ಸಂಜೆ ಲೈಟು ಹಾಕಿಕೊಂಡು ಕೂತರೆ ನುಸಿಗಳೆಲ್ಲ ಬಂದು ಹಸಿ ಬಣ್ಣದ ಮೇಲೇ ಕೂರುತ್ತವೆ.

ನನಗೆ ಬೇಕಿದ್ದದ್ದು ಜೀರ್ಜಿಂಬೆಯ ಹಸಿರು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಇಟ್ಟು ಸಾಕುತ್ತಿದ್ದೆವಲ್ಲ, ಅದೇ. 2023ರಲ್ಲಿ ಸೋನಿಯವರೇ ಪಿಎಸ್5ಗೆ (ಪ್ಲೇಸ್ಟೇಷನ್ 5) ಡೀಪ್ ಅರ್ತ್ ಅಂತ ಮೆಟಾಲಿಕ್ ಕಂಟ್ರೋಲರ್‌ಗಳನ್ನು ತಂದರು. ಮೊದಲು ಕೆಂಪು, ನೀಲಿ, ಮರುವರ್ಷ ಬೆಳ್ಳಿ ಬಂದವು. ಆ ಸಾಲಿನಲ್ಲಿ ಹಸಿರು ಇರಲಿಲ್ಲ. ಇದ್ದಿದ್ದರೂ ನನ್ನ ಹತ್ತಿರ ಇರುವುದು ಪಿಎಸ್4, ಬಿಡಿ.

ಬಿಚ್ಚುವುದು ಕಷ್ಟವಿಲ್ಲ. ಪಿಎಸ್4 ಕಂಟ್ರೋಲರ್‌ನ ಹಿಂದೆ ನಾಲ್ಕು ಸ್ಕ್ರೂ. ಅವು ಬಂದ ಮೇಲೆ ಹಿಂದಿನ ಚಿಪ್ಪನ್ನು ಮೆಲ್ಲಗೆ ಎಬ್ಬಿಸಬೇಕು. ಜೋರಾಗಿ ಎಳೆದರೆ ಒಳಗಿನ ರಿಬ್ಬನ್ ಕೇಬಲ್ ಹರಿಯುತ್ತದೆ. ಎಕ್ಸ್‌ಬಾಕ್ಸ್‌ನದಾದರೆ ನಡುವೆ ತೂತಿರುವ ಟಿ8 ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ತುದಿ) ಬೇಕು, ಮತ್ತು ಒಂದು ಸ್ಕ್ರೂ ಬ್ಯಾಟರಿ ಜಾಗದ ಸ್ಟಿಕ್ಕರ್ ಕೆಳಗೆ ಅಡಗಿರುತ್ತದೆ. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಚಿಪ್ಪುಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿ ತೊಳೆಯಬೇಕು. ಕೈಯ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎಲ್ಲ ಅದರಲ್ಲಿ ಇಂಗಿರುತ್ತದೆ. ಆಮೇಲೆ ನೀರು ಹಾಕಿಕೊಂಡು 400, 600, 800 ನಂಬರಿನ ವಾಟರ್ ಪೇಪರಿನಲ್ಲಿ, ಅಂದರೆ ನೀರಿನಲ್ಲಿ ಬಳಸುವ ಮರಳು ಕಾಗದದಲ್ಲಿ ಉಜ್ಜುವುದು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುವುದು. ಟಿನ್ನರ್ ಬಟ್ಟೆ ಮಾತ್ರ ತಾಗಿಸಬೇಡಿ. ಇದು ಎಬಿಎಸ್ ಪ್ಲಾಸ್ಟಿಕ್, ಮೈ ಕರಗಿ ಅಂಟಂಟಾಗುತ್ತದೆ.

ಇನ್ನು ಬಣ್ಣ. ಶಿವಮೊಗ್ಗದಲ್ಲಿ ಕಾರಿಗೆ ಬಣ್ಣ ಹೊಡೆಯುವ ಅಣ್ಣ ಒಬ್ಬರು ಪರಿಚಯ. ಹಸಿರಿನ ಕೆಳಗೆ ಹೊಡೆಯಲು ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ ಹಿಡಿದುಕೊಂಡು ಹೋದವನಿಗೆ ಅವರು ಮೊದಲು ಕೇಳಿದ್ದು, "ಕೆಳಗೆ ಏನು ಹೊಡೀತೀರಿ?" ಮೆಟಾಲಿಕ್ ಬಣ್ಣದಲ್ಲಿ ಇರುವುದು ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳು. ಅವು ಚಪ್ಪಟೆಯಾಗಿ ಮಲಗಿದರೆ ಹೊಳಪು, ಅಡ್ಡಾದಿಡ್ಡಿ ನಿಂತರೆ ಬರೀ ಬೂದು. ಮಲಗಬೇಕಾದರೆ ಕೆಳಗಿನ ಕೋಟು ನುಣ್ಣಗಿರಬೇಕು. ಅದಕ್ಕೇ ಪ್ಲಾಸ್ಟಿಕ್ ಪ್ರೈಮರ್ ಆದ ಮೇಲೆ ಮಿಂಚುವ ಕಪ್ಪು ಬಣ್ಣ ಹೊಡೆದೆ. ಟ್ಯೂಬ್‌ಲೈಟಿನ ಗೆರೆ ಅದರಲ್ಲಿ ಮುರಿಯದೆ ನೇರವಾಗಿ ಕಾಣಬೇಕು. ಗೆರೆ ಅಲುಗಾಡಿದ ಹಾಗೆ ಕಂಡರೆ ಮತ್ತೆ ವಾಟರ್ ಪೇಪರ್, ಮತ್ತೆ ಕಪ್ಪು. ನನ್ನ ಸಮಯದಲ್ಲಿ ಮುಕ್ಕಾಲು ಪಾಲು ಈ ಕಪ್ಪಿಗೇ ಹೋಯಿತು, ನೋಡಿದವರಿಗೆ ಅದು ಕಾಣುವುದೂ ಇಲ್ಲ.

ಕಪ್ಪು ಚೆನ್ನಾಗಿ ಒಣಗಬೇಕು. ಬೆರಳಿಗೆ ಅಂಟಲಿಲ್ಲ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ಹತ್ತಿರ ಹಿಡಿದರೆ ಟಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಕಾಯಬೇಕು. ಅಮ್ಮ ನೋಡಿ ನೋಡಿ ಸಾಕಾಗಿ, "ಅಲ್ಲ ಮಾರಾಯ, ಬಚ್ಚಲೊಲೆ ಮೇಲೆ ಕಟ್ಟಿಟ್ರೆ ಬೇಗ ಒಣಗ್ತದಲ್ಲ" ಅಂದರು. ಮಳೆಗಾಲದ ಬಟ್ಟೆಗೆ ಸರಿ, ಇದಕ್ಕೆ ಬೇಡವೇ ಬೇಡ. ಟಿನ್ನರ್ ಆವಿಗೂ ಬೆಂಕಿಗೂ ಆಗಿಬರುವುದಿಲ್ಲ. ಡಬ್ಬಿಯಲ್ಲಿರುವ ಗ್ಯಾಸೂ ಹೊತ್ತಿಕೊಳ್ಳುವಂಥದ್ದೇ. ಮಸಿಯ ಮಾತು ಆಮೇಲಿನದು.

ಬೆಳ್ಳಿ ಹೊಡೆಯುವ ಮೊದಲು ಡಬ್ಬಿಯನ್ನು ಕೈ ಸೋಲುವಷ್ಟು ಅಲ್ಲಾಡಿಸಿ. ಚಕ್ಕೆಗಳೆಲ್ಲ ತಳದಲ್ಲಿ ಕೂತಿರುತ್ತವೆ. ಒಂದು ಗೇಣು ದೂರದಿಂದ ತೆಳ್ಳಗೆ, ಕೈ ಎಲ್ಲೂ ನಿಲ್ಲಿಸದೆ ಹೊಡೆಯಬೇಕು. ಕೋಟು ದಪ್ಪವಾಗಿ ಹಸಿಯಾದರೆ ಚಕ್ಕೆಗಳು ತೇಲಿಕೊಂಡು ಹೋಗಿ ಅಲ್ಲಲ್ಲಿ ಗುಂಪು ಕಟ್ಟುತ್ತವೆ, ಮೋಡ ಕಟ್ಟಿದ ಹಾಗೆ ಕಲೆ ಉಳಿಯುತ್ತದೆ. ಇನ್ನೊಂದು ವಿಷಯ ವಿಡಿಯೊಗಳಲ್ಲಿ ನಾನು ಕಂಡಿಲ್ಲ. ಮುಂದಿನ ಚಿಪ್ಪು, ಹಿಂದಿನ ಚಿಪ್ಪು ಎರಡನ್ನೂ ಒಂದೇ ರಟ್ಟಿನ ಮೇಲೆ, ಒಂದೇ ಓರೆಯಲ್ಲಿ ನಿಲ್ಲಿಸಿ ಒಟ್ಟಿಗೆ ಹೊಡೆಯಿರಿ. ಒಂದನ್ನು ಮಲಗಿಸಿ ಒಂದನ್ನು ನಿಲ್ಲಿಸಿ ಹೊಡೆದರೆ ಜೋಡಿಸಿದಾಗ ಎರಡು ಬೇರೆ ಬೇರೆ ಬಣ್ಣ ಅನ್ನಿಸುತ್ತದೆ.

ಅದರ ಮೇಲೆ ಪಾರದರ್ಶಕ ಹಸಿರು. ಪೇಂಟರ್‌ಗಳು ಕ್ಯಾಂಡಿ ಅನ್ನುವುದು ಇದಕ್ಕೇ. ಬೆಳಕು ಹಸಿರಿನ ಒಳಹೊಕ್ಕು, ಬೆಳ್ಳಿಗೆ ಬಡಿದು, ಮತ್ತೆ ಹಸಿರಿನ ಮೂಲಕವೇ ಹೊರಬರುತ್ತದೆ. ಒಂದೊಂದು ಕೋಟಿಗೂ ಬಣ್ಣ ಗಾಢವಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಣ್ಣಿಗೆ ಬಿಟ್ಟದ್ದು. ನನಗೆ ಮೂರನೇ ಕೋಟು ಸಾಕೆನ್ನಿಸಿತು. ಓರೆ ಮಾಡಿದರೆ ಬಣ್ಣವೇ ಬದಲಾಗುವ ಕಮೀಲಿಯನ್ ಬಣ್ಣವೂ ಸಿಗುತ್ತದೆ, ಅದನ್ನು ನೇರವಾಗಿ ಕಪ್ಪಿನ ಮೇಲೆ ಹೊಡೆಯಬಹುದು. ನನಗೆ ಅದು ಅಷ್ಟು ಹಿಡಿಸಲಿಲ್ಲ.

ಬಟನ್ ತೂತುಗಳ ಒಳ ಅಂಚನ್ನು ಮರೆಯಬೇಡಿ. ಅಲ್ಲಿ ಬಣ್ಣ ಪದರ ಪದರವಾಗಿ ಕೂತರೆ ಬಟನ್ ಒತ್ತಿದ್ದು ಮೇಲೆ ಬರುವುದಿಲ್ಲ. ಬಣ್ಣ ಹಸಿ ಇರುವಾಗಲೇ ಇಯರ್ ಬಡ್‌ಗೆ ಒಂದು ತೊಟ್ಟು ಟಿನ್ನರ್ ತಾಗಿಸಿ, ಹಿಂಡಿ, ಒಳ ಅಂಚಿನಲ್ಲಿ ಒಂದು ಸುತ್ತು ತಿರುಗಿಸಿದರೆ ಸಾಕು. ಟಚ್‌ಪ್ಯಾಡ್‌ಗೂ ಬಟನ್‌ಗಳಿಗೂ ನಾನು ಬಣ್ಣ ಹಾಕಲಿಲ್ಲ. ದಿನಾ ಬೆರಳು ಆಡುವ ಜಾಗ, ಸುಮ್ನೆ ಎದ್ದು ಬರುತ್ತದೆ.

ಕೊನೆಯ ಕ್ಲಿಯರ್ ಕೋಟನ್ನು, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರವನ್ನು, ಮನೆಯಲ್ಲಿ ಹೊಡೆಯಲಿಲ್ಲ. ಬೆವರು ಕೈಯಲ್ಲಿ ಬಾಳಿಕೆ ಬರಬೇಕಾದರೆ ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ರೇ ಆಗಬೇಕು. ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಬಟ್ಟೆ ಮಾಸ್ಕು ತಡೆಯುವುದಿಲ್ಲ. ಚಿಪ್ಪುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅದೇ ಅಣ್ಣ ಯಾವುದೋ ಕಾರಿನ ಬಾನೆಟ್‌ಗೆ ಹೊಡೆಯುವಾಗ ಇವಕ್ಕೂ ಎರಡು ಕೈ ಹೊಡೆದುಕೊಟ್ಟರು. ದುಡ್ಡು ಬೇಡವೆಂದರು, ಮನೆಯ ಬಾಳೆಗೊನೆ ಕೊಟ್ಟು ಬಂದೆ.

ಒಂದು ವಾರ ಮುಟ್ಟದೆ ಇಟ್ಟು ಆಮೇಲೆ ಜೋಡಿಸಿದೆ. ಎಲ್2, ಆರ್2 ಟ್ರಿಗರ್‌ಗಳ ಸ್ಪ್ರಿಂಗು ಹಾರಿಹೋಗುವುದುಂಟು, ಹಾಗಾಗಿ ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಕೆಲಸ ಮಾಡಿ. ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡಬೇಡಿ. ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ, ಇಲ್ಲದಿದ್ದರೆ ಎರಡು ಚಿಪ್ಪು ಸೇರುವ ಅಂಚಿನಲ್ಲೇ ಹೊಸ ಬಣ್ಣ ಚಕ್ಕೆ ಏಳುತ್ತದೆ.