ಟ್ಯಾಬ್ ಸಣ್ಣದೋ, ದೊಡ್ಡದೋ? ಶೋರೂಮಿಗಿಂತ ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯೊಂದರಲ್ಲಿ ಟ್ಯಾಬ್ ಬೇಕೆಂದು ನಿಂತರೆ ಕೌಂಟರಿನ ಹುಡುಗ ಕೇಳುವ ಮೊದಲ ಪ್ರಶ್ನೆ, ‘ಬಜೆಟ್ ಎಷ್ಟು ಸರ್?’ ಎರಡನೆಯದು, ‘ಮಕ್ಕಳಿಗೋ, ನಿಮಗೋ?’ ಅದರಲ್ಲಿ ಏನನ್ನು ಓದುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎಂಟು ಇಂಚಿನ ಆಸುಪಾಸಿನ ಸಣ್ಣ ಟ್ಯಾಬ್ ಕೊಳ್ಳಬೇಕೋ, ಹನ್ನೊಂದು ಇಂಚಿನ ದೊಡ್ಡದನ್ನೋ ಎಂಬುದು ನಿರ್ಧಾರವಾಗಬೇಕಾದದ್ದು ಆ ಕೇಳದ ಪ್ರಶ್ನೆಯಿಂದಲೇ. ಕ್ಯಾಮೆರಾ, ಸ್ಪೀಕರು, ಬಣ್ಣ ಇವೆಲ್ಲ ಆಮೇಲಿನ ಮಾತು.

ಮೊದಲು ಇಂಚಿನ ಲೆಕ್ಕ

ಪೆಟ್ಟಿಗೆಯ ಮೇಲೆ ಬರೆದ ಇಂಚು ಪರದೆಯ ಅಗಲವಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದ. ಹೀಗಾಗಿ 8.7 ಇಂಚಿಗೂ 11 ಇಂಚಿಗೂ ವ್ಯತ್ಯಾಸ ಎರಡು ಚಿಲ್ಲರೆ ಇಂಚು ಮಾತ್ರ ಎಂದು ಕೇಳಿದಾಗ ಏನೂ ಅನ್ನಿಸುವುದಿಲ್ಲ. ಸ್ಯಾಮ್‌ಸಂಗ್‌ನ ಟ್ಯಾಬ್ ಎ9 ಮತ್ತು ಎ9 ಪ್ಲಸ್ ಇದೇ ಎರಡು ಅಳತೆಯವು. ಅವುಗಳ ಪರದೆಯ ಒಟ್ಟು ಜಾಗವನ್ನು ಲೆಕ್ಕ ಹಾಕಿದರೆ ಒಂದು ಸುಮಾರು 33 ಚದರ ಇಂಚು, ಇನ್ನೊಂದು 54. ಒಂದೂವರೆ ಪಟ್ಟಿಗೂ ಹೆಚ್ಚು.

ಪರದೆಯ ಆಕಾರವನ್ನೂ ನೋಡಬೇಕು. ಬಹುತೇಕ ಆಂಡ್ರಾಯ್ಡ್ ಟ್ಯಾಬ್‌ಗಳು ಉದ್ದನೆಯವು, ಸಿನಿಮಾ ನೋಡುವುದಕ್ಕೆ ಹೇಳಿ ಮಾಡಿಸಿದ ಆಕಾರ. ಐಪ್ಯಾಡ್‌ಗಳು ಪುಸ್ತಕದ ಹಾಳೆಯ ಆಕಾರಕ್ಕೆ ಹತ್ತಿರ. ಒಂದೇ ಇಂಚಿನ ಎರಡು ಟ್ಯಾಬ್‌ಗಳನ್ನು ನೆಟ್ಟಗೆ ಹಿಡಿದಾಗ ಉದ್ದನೆಯದರ ಅಗಲ ಕಡಿಮೆ, ಹಾಗಾಗಿ ಅಕ್ಷರವೂ ಸಣ್ಣದು.

ಓದುವುದನ್ನು ಎರಡು ರಾಶಿ ಮಾಡಿಕೊಳ್ಳಿ

ಒಂದು ರಾಶಿಯಲ್ಲಿ, ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಹೊಂದಿಕೊಳ್ಳುವಂಥವು: ಸುದ್ದಿ ಜಾಲತಾಣ, ಇ-ಪುಸ್ತಕ, ವಾಟ್ಸ್‌ಆ್ಯಪ್, ಮೇಲ್. ಇನ್ನೊಂದರಲ್ಲಿ, ಪುಟ ಹೇಗಿದೆಯೋ ಹಾಗೆಯೇ ನಿಲ್ಲುವಂಥವು: ಪಿಡಿಎಫ್ ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಸರ್ಕಾರಿ ಆದೇಶ, ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕ. ಇಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟವೇ ಹಿಗ್ಗಿ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ.

ನಿಮ್ಮ ಓದು ಮೊದಲ ರಾಶಿಯದ್ದೇ ಆಗಿದ್ದರೆ ಸಣ್ಣ ಟ್ಯಾಬ್ ಧಾರಾಳವಾಗಿ ಸಾಕು. ದೊಡ್ಡದಕ್ಕೆ ಕೊಡುವ ಹೆಚ್ಚಿನ ಹಣ ಯೂಟ್ಯೂಬ್‌ಗೆ ಸಲ್ಲುತ್ತದೆ, ಅಷ್ಟೇ. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್, ಪಿಎಸ್‌ಐ ಎಂದು ಓದುತ್ತಿರುವವರ ಕಥೆ ಬೇರೆ. ಕೋಚಿಂಗ್ ನೋಟ್ಸು, ಟೆಲಿಗ್ರಾಂನಲ್ಲಿ ಬರುವ ಮಾಸಪತ್ರಿಕೆ, ಪ್ರಶ್ನೆಪತ್ರಿಕೆ ಎಲ್ಲವೂ ಎ4 ಹಾಳೆಯ ಪಿಡಿಎಫ್. ಅವರ ಓದು ಪೂರ್ತಿ ಎರಡನೆಯ ರಾಶಿಯಲ್ಲಿದೆ.

ಪತ್ರಿಕೆಗಳ ಇ-ಪೇಪರ್ ಎರಡೂ ಕಡೆ ಸೇರದ ಜಾತಿ. ಅಷ್ಟು ದೊಡ್ಡ ಪುಟವನ್ನು ಯಾವ ಟ್ಯಾಬ್‌ನಲ್ಲಿಯೂ ಹಿಗ್ಗಿಸದೆ ಓದಲಾಗದು.

ಈಗ ಜೆರಾಕ್ಸ್ ಅಂಗಡಿಗೆ

ನೀವು ಹೆಚ್ಚಾಗಿ ಓದುವ ಪಿಡಿಎಫ್‌ನ ಒಂದು ಪುಟವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಸಣ್ಣ ಅಕ್ಷರಗಳಿರುವ, ಕೋಷ್ಟಕವೋ ನಕ್ಷೆಯೋ ಇರುವ ಪುಟವಾದರೆ ಒಳ್ಳೆಯದು. ಆ ಹಾಳೆಯನ್ನು ಕೊಟ್ಟು ‘ಶೇ 70ಕ್ಕೆ ಒಂದು, ಶೇ 54ಕ್ಕೆ ಒಂದು ಇಳಿಸಿ ಕೊಡಿ’ ಎನ್ನಿ. ಇದಕ್ಕಾಗಿಯೇ ಯಂತ್ರದಲ್ಲಿ ಗುಂಡಿ ಇರುತ್ತದೆ. ಅಂಗಡಿಯವರು ಹುಬ್ಬೇರಿಸಿದರೂ ಮಾಡಿಕೊಡುತ್ತಾರೆ.

ಈ ಸಂಖ್ಯೆಗಳು ಎಲ್ಲಿಂದ ಬಂದವು? ಎ4 ಹಾಳೆಯ ಅಗಲ 21 ಸೆಂ.ಮೀ. ಉದ್ದನೆಯ ಆಕಾರದ 11 ಇಂಚಿನ ಟ್ಯಾಬ್ ಅನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 14.8 ಸೆಂ.ಮೀ., ಅಂದರೆ ಮೂಲದ ಶೇ 70. 8.7 ಇಂಚಿನದರಲ್ಲಿ 11.3 ಸೆಂ.ಮೀ., ಶೇ 54. ಮೂಲದಲ್ಲಿ 12 ಪಾಯಿಂಟ್ ಇದ್ದ ಅಕ್ಷರ ದೊಡ್ಡದರಲ್ಲಿ ಎಂಟೂವರೆ, ಸಣ್ಣದರಲ್ಲಿ ಆರೂವರೆ ಪಾಯಿಂಟ್ ಆಗುತ್ತದೆ. ಐಪ್ಯಾಡ್ ಮಿನಿ ಕೂಡ ಶೇ 55ರ ಹತ್ತಿರವೇ. ಸಾಮಾನ್ಯ ಐಪ್ಯಾಡ್ ಶೇ 75. ಪುಟ ಹೆಚ್ಚುಕಡಿಮೆ ಇದ್ದ ಗಾತ್ರದಲ್ಲೇ, ಶೇ 90ರಷ್ಟು, ಬೇಕೆಂದರೆ 13 ಇಂಚಿನ ಐಪ್ಯಾಡ್‌ಗೆ ಹೋಗಬೇಕು. ಅದರ ಬೆಲೆಗೆ ಒಳ್ಳೆಯ ಲ್ಯಾಪ್‌ಟಾಪೇ ಬರುತ್ತದೆ.

ಇಂಗ್ಲಿಷ್ ವಿಮರ್ಶಕರು ‘ಸಣ್ಣ ಪರದೆಯಲ್ಲಿಯೂ ಆರಾಮಾಗಿ ಓದಬಹುದು’ ಎಂದರೆ ನಂಬುವ ಮೊದಲು ಕನ್ನಡದ ಪುಟವನ್ನು ನೋಡಬೇಕು. ರೋಮನ್ ಅಕ್ಷರ ಆರೂವರೆ ಪಾಯಿಂಟಿಗೂ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ಅರ್ಕಾವೊತ್ತು ಪಕ್ಕಕ್ಕೆ. ‘ಲಕ್ಷ್ಮೇಶ್ವರ’ ಎಂದು ಆ ಗಾತ್ರದಲ್ಲಿ ಮುದ್ರಿಸಿ ನೋಡಿ. ಕ್ಷ-ದ ಕೆಳಗಿನ ಮ-ಒತ್ತು ಒಂದು ಚುಕ್ಕೆಯಾಗಿರುತ್ತದೆ. ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದೇ ಕೆಳಗಿನ ಒಂದು ಸೀಳಿನಿಂದ. ಹಳೆಯ ಪುಸ್ತಕದ ಸ್ಕ್ಯಾನ್ ಆದರೆ ಮುದ್ರಣದ ಮಸಿ ಹರಡಿ ಮೊದಲೇ ಆ ಸೀಳು ಅರ್ಧ ಮುಚ್ಚಿರುತ್ತದೆ. ಪರದೆ ಎಷ್ಟೇ ಸ್ಪಷ್ಟವಾಗಿದ್ದರೂ ಗಾತ್ರ ಗಾತ್ರವೇ. ಐಪ್ಯಾಡ್ ಮಿನಿಯಲ್ಲಿ ಇಂಚಿಗೆ 326 ಪಿಕ್ಸೆಲ್ ಇವೆ, ಸಾಮಾನ್ಯ ಐಪ್ಯಾಡ್‌ನಲ್ಲಿ 264. ಆದರೂ ಚಾಳೀಸು ಬಂದವರಿಗೆ ಓದಲು ಸುಲಭವಾಗುವುದು ಎರಡನೆಯದರಲ್ಲಿಯೇ.

ಎರಡೂ ಪ್ರತಿಗಳನ್ನು ಮನೆಗೆ ತಂದು ರಾತ್ರಿ ದೀಪದ ಬೆಳಕಿನಲ್ಲಿ, ದಿನವೂ ಓದುವ ಜಾಗದಲ್ಲಿ ಕೂತು ಹದಿನೈದು ನಿಮಿಷ ಓದಿ. ಶೇ 54ರ ಹಾಳೆಯನ್ನು ಮುಖದ ಹತ್ತಿರ ಎಳೆದುಕೊಳ್ಳುತ್ತಿದ್ದರೆ ಪ್ರಶ್ನೆ ಮುಗಿಯಿತು, ದೊಡ್ಡದನ್ನೇ ಕೊಳ್ಳಿ.

ಸಣ್ಣದರ ಪರವಾಗಿ ಎರಡು ಉಪಾಯಗಳನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಲವು ಪಿಡಿಎಫ್ ಆ್ಯಪ್‌ಗಳಲ್ಲಿ ಪುಟದ ಖಾಲಿ ಅಂಚನ್ನು ಕತ್ತರಿಸುವ ಸೌಲಭ್ಯವಿದೆ. ಎರಡೂ ಬದಿಯಲ್ಲಿ ಎರಡೂವರೆ ಸೆಂ.ಮೀ. ಅಂಚು ಬಿಟ್ಟ ಪುಟವಾದರೆ, ಅದನ್ನು ಕತ್ತರಿಸಿದಾಗ ಸಣ್ಣ ಟ್ಯಾಬ್‌ನಲ್ಲಿಯೂ ಅಕ್ಷರ ಶೇ 70ಕ್ಕೆ ಏರುತ್ತದೆ. ಇನ್ನೊಂದು, ಟ್ಯಾಬ್ ಅನ್ನು ಅಡ್ಡ ಹಿಡಿಯುವುದು. ಆಗ ಅಕ್ಷರ ಶೇ 90ರಷ್ಟು ದೊಡ್ಡದಾಗುತ್ತದೆ, ಆದರೆ ಕಾಣುವುದು ಪುಟದ ಅರ್ಧಕ್ಕಿಂತ ಕಡಿಮೆ. ಕಥೆ, ಪ್ರಬಂಧಕ್ಕೆ ಇದು ನಡೆಯುತ್ತದೆ. ಪ್ರಶ್ನೆ ಮೇಲೆ, ಆಯ್ಕೆಗಳು ಕೆಳಗೆ, ನಕ್ಷೆ ಹಿಂದಿನ ಪುಟದಲ್ಲಿದ್ದರೆ ಬೆರಳು ಸೋಲುತ್ತದೆ.

ಕೈಗೆ ಎಷ್ಟು ಭಾರ?

ಶೋರೂಮಿನ ಮಾದರಿಯನ್ನು ಕಳ್ಳರ ಭಯಕ್ಕೆ ತಂತಿಯಿಂದ ಬಿಗಿದಿರುತ್ತಾರೆ. ಅದನ್ನು ಎತ್ತಿ ನೋಡಿದರೆ ತೂಕ ತಿಳಿಯುವುದಿಲ್ಲ. ಐಪ್ಯಾಡ್ ಮಿನಿ 300 ಗ್ರಾಂನೊಳಗೆ, ಟ್ಯಾಬ್ ಎ9 ಸುಮಾರು 330 ಗ್ರಾಂ. ಹನ್ನೊಂದು ಇಂಚಿನವು 480 ಗ್ರಾಂ ಹತ್ತಿರ. ಮೇಲೆ ಕವರಿನ ಭಾರ ಬೇರೆ. ಮನೆಯಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣವಿದ್ದರೆ ಅದನ್ನು ಒಂದೇ ಕೈಯಲ್ಲಿ, ಮಲಗಿ ಓದುವ ಭಂಗಿಯಲ್ಲಿ ಹತ್ತು ನಿಮಿಷ ಎತ್ತಿ ಹಿಡಿಯಿರಿ.

ಹುಬ್ಬಳ್ಳಿ–ಧಾರವಾಡದ ನಡುವೆ ದಿನವೂ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಸೀಟು ಸಿಗುವ ಖಾತ್ರಿ ಇಲ್ಲ. ಒಂದು ಕೈ ಮೇಲಿನ ಹಿಡಿಕೆಗೆ ಹೋದರೆ ಉಳಿದ ಒಂದು ಕೈಯಲ್ಲಿ ಹಿಡಿದು ಓದಬಹುದಾದದ್ದು ಸಣ್ಣದೇ. ದೊಡ್ಡದು ಮೇಜನ್ನು ಬೇಡುತ್ತದೆ, ಇಲ್ಲವೇ ಸ್ಟ್ಯಾಂಡ್. ಮನೆಯಲ್ಲೇ ಕೂತು ಓದುವ ನಿವೃತ್ತರಿಗೆ, ಹಾರ್ಮೋನಿಯಂ ಮುಂದೆ ಸ್ವರಲಿಪಿ ಇಟ್ಟುಕೊಳ್ಳುವ ಸಂಗೀತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡ್ ಹೇಗೂ ಬೇಕಾದ್ದರಿಂದ ದೊಡ್ಡದರ ತೂಕ ಲೆಕ್ಕಕ್ಕಿಲ್ಲ.

ಬರೆಯುವುದಿದ್ದರೆ

ದೊಡ್ಡದರಲ್ಲಿ ಪರದೆಯನ್ನು ಸೀಳಿ ಒಂದು ಕಡೆ ತರಗತಿಯ ವಿಡಿಯೊ, ಇನ್ನೊಂದು ಕಡೆ ಟಿಪ್ಪಣಿ ಇಟ್ಟುಕೊಳ್ಳಬಹುದು. ಅಡ್ಡ ಹಿಡಿದ 11 ಇಂಚಿನ ಅರ್ಧಭಾಗದ ಅಗಲ, ನೆಟ್ಟಗೆ ಹಿಡಿದ ಸಣ್ಣ ಟ್ಯಾಬ್‌ನ ಪೂರ್ತಿ ಅಗಲಕ್ಕಿಂತ ತುಸು ಹೆಚ್ಚೇ. ಪೆನ್ನಿನಿಂದ ಬರೆಯುವವರಿಗೂ ಇದೇ ಸರಿ, 11 ಸೆಂ.ಮೀ. ಅಗಲದಲ್ಲಿ ಕನ್ನಡದ ದುಂಡಗಿನ ಕೈಬರಹ ಸಾಲಿಗೆ ಮೂರು ಪದದಲ್ಲಿ ಮುಗಿಯುತ್ತದೆ.

ಆದರೆ ದೊಡ್ಡದೆಲ್ಲ ಪೆನ್ನಿಗೆ ಒಗ್ಗುವುದಿಲ್ಲ. ಎ9 ಪ್ಲಸ್ ದೊಡ್ಡದಾದರೂ ಸ್ಯಾಮ್‌ಸಂಗ್‌ನ ಎಸ್ ಪೆನ್ ಅದರಲ್ಲಿ ನಡೆಯುವುದಿಲ್ಲ. ಅಂಗಡಿಯವರು ರಬ್ಬರ್ ತುದಿಯ ಪೆನ್ನು ತೋರಿಸಿ ‘ಬರೀಬಹುದು ಸರ್’ ಎನ್ನುತ್ತಾರೆ. ಅದು ಬೆರಳಿನ ಬದಲಿ ಮಾತ್ರ, ಅಂಗೈ ಊರಿದರೆ ಅದನ್ನೂ ಗೀಟೆಂದು ಎಣಿಸುತ್ತದೆ. ಅಂಗೈಯನ್ನು ಪರದೆಯ ಮೇಲೆ ಇಟ್ಟು ಎರಡು ಸಾಲು ಬರೆದು ತೋರಿಸಿ ಎಂದು ಕೇಳಿ.

ಹೊಲಕ್ಕೆ ಒಯ್ಯುವವರಿಗೆ

ಗದಗ, ಹಾವೇರಿ ಕಡೆಯ ರೈತರು ನಿಂತ ಜಾಗದ ಸರ್ವೆ ನಂಬರ್ ನೋಡಲು ಸರ್ಕಾರದ ‘ದಿಶಾಂಕ್’ ಆ್ಯಪ್ ಬಳಸುವುದಾದರೆ ಗಾತ್ರಕ್ಕಿಂತ ಮುಖ್ಯವಾದದ್ದು ಜಿಪಿಎಸ್. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಇದೆ. ಬೇರೆ ಕಂಪನಿಯದಾದರೆ ವಿವರಪಟ್ಟಿಯಲ್ಲಿ ಅದನ್ನು ಓದಿ ಖಚಿತಪಡಿಸಿಕೊಳ್ಳಿ. ಬಿಸಿಲಿನಲ್ಲಿ ಸಣ್ಣ ಟ್ಯಾಬ್‌ಗೆ ಅಂಗೈಯಿಂದ ನೆರಳು ಮಾಡಿಕೊಳ್ಳಬಹುದು, ದೊಡ್ಡದಕ್ಕೆ ಆಗದು. ಹೊಲಕ್ಕೆ ಸಣ್ಣದೇ ಲೇಸು.

ಬೆಲೆ

ಸಣ್ಣದು ಅಗ್ಗ ಎಂಬ ನಂಬಿಕೆ ಅರ್ಧ ನಿಜ. 2024ರಲ್ಲಿ ಬಂದ ಐಪ್ಯಾಡ್ ಮಿನಿ ಬಿಡುಗಡೆಯ ಬೆಲೆ ₹49,900. 2025ರಲ್ಲಿ ಬಂದ ಅದಕ್ಕಿಂತ ದೊಡ್ಡದಾದ ಸಾಮಾನ್ಯ ಐಪ್ಯಾಡ್ ₹34,900. ಮಿನಿಯಲ್ಲಿ ಚಿಪ್ ಮೇಲ್ದರ್ಜೆಯದು. ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಲೆಕ್ಕ ತಿರುಗುಮುರುಗು: ಸಣ್ಣದರ ಬೆಲೆ ಕಡಿಮೆ, ಪರದೆಯ ದರ್ಜೆಯೂ ಕಡಿಮೆ. ಎ9ರಲ್ಲಿ 1340x800 ಪಿಕ್ಸೆಲ್, ಎ9 ಪ್ಲಸ್‌ನಲ್ಲಿ 1920x1200. ಕನ್ನಡ ಪಿಡಿಎಫ್ ಓದುವವರು ಆ ಮೊದಲ ಸಂಖ್ಯೆಯನ್ನು ಕಂಡರೆ ದೂರ ಸರಿಯುವುದು ಒಳಿತು. ಗಾತ್ರ ಯಾವುದೇ ಇರಲಿ, 64 ಜಿಬಿ ಇದ್ದು ಮೆಮೊರಿ ಕಾರ್ಡಿಗೆ ಜಾಗವಿಲ್ಲದ ಟ್ಯಾಬ್ ಬೇಡ. ಡೌನ್‌ಲೋಡ್ ಮಾಡಿದ ತರಗತಿಗಳೇ ಅದನ್ನು ತುಂಬಿಬಿಡುತ್ತವೆ.

‘ಮನೆ ಮಂದಿಗೆಲ್ಲ ಒಂದು’ ಎಂದು ದೊಡ್ಡದನ್ನು ಕೊಳ್ಳುವವರು, ಅದು ವಾರದೊಳಗೆ ಮಕ್ಕಳ ಕಾರ್ಟೂನಿನ ಪಾಲಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರಲಿ.

ಹಣ ಕೊಡುವ ಮುನ್ನ

ನಿಮ್ಮದೇ ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿಯೋ ಮೇಲ್‌ನಲ್ಲಿಯೋ ಒಯ್ದು ಅಂಗಡಿಯ ಟ್ಯಾಬ್‌ನಲ್ಲಿ ತೆರೆಸಿ. ಜೆರಾಕ್ಸ್ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಂಗಡಿಯವರು ಹಾಕಿಟ್ಟ ಹೂವು, ಜಲಪಾತದ ವಿಡಿಯೊ ಯಾವ ಪರದೆಯಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಡೆದ ಗಾಜು ಬದಲಿಸಲು ಎಷ್ಟಾಗುತ್ತದೆ, ಸರ್ವಿಸ್ ಊರಿನಲ್ಲೇ ಇದೆಯೋ ಬೆಂಗಳೂರಿಗೆ ಕಳಿಸಬೇಕೋ ಎಂದು ಕೇಳಿ. ಕೊನೆಗೆ, ಅದೇ ಮಾದರಿಯ ಕವರು ಮತ್ತು ಸ್ಕ್ರೀನ್ ಗಾರ್ಡ್ ಅಲ್ಲೇ ಸಿಗುತ್ತದೆಯೇ ನೋಡಿ. ಹೆಚ್ಚು ಮಾರಾಟವಾಗದ ಗಾತ್ರಗಳಿಗೆ ಅವು ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕಾಗುತ್ತದೆ. ಹಾಗಿದ್ದರೆ ಮೊದಲು ಕವರು ತರಿಸಿ, ಅದು ಬಂದ ಮೇಲೆಯೇ ಟ್ಯಾಬ್ ಅನ್ನು ಮನೆಯಿಂದ ಹೊರಗೆ ಒಯ್ಯಿರಿ.