ಪೀಟರ್ ಜೋನ್ಸ್ ಚಿತ್ರದ ಬೆನ್ನುಹತ್ತಿ ಕ್ಯಾಲೋಟೈಪ್: ನನ್ನ ಅನುಭವ

ಕೆನಡಾದ ಮಿಸಿಸಾಗ ಎಂಬ ಮೂಲನಿವಾಸಿ ಜನಾಂಗದ ಮೆಥಡಿಸ್ಟ್ ಮಿಷನರಿ ಪೀಟರ್ ಜೋನ್ಸ್ ತಮ್ಮವರ ಶಾಲೆಗಳಿಗೆ ಹಣ ಕೂಡಿಸಲು ಸ್ಕಾಟ್ಲೆಂಡಿಗೆ ಬಂದು, 1845ರ ಆಗಸ್ಟ್‌ನಲ್ಲಿ ಎಡಿನ್‌ಬರೋದಲ್ಲಿ ಹಿಲ್ ಮತ್ತು ಆಡಮ್‌ಸನ್ ಎಂಬ ಛಾಯಾಗ್ರಾಹಕರ ಜೋಡಿಯ ಕ್ಯಾಮೆರಾದ ಮುಂದೆ ನಿಂತರು. ಬುಡಕಟ್ಟಿನ ಉಡುಪು ತೊಡುವುದು ಅವರಿಗೇ ಹಿಡಿಸುತ್ತಿರಲಿಲ್ಲ, ಆದರೆ ನೋಡಲು ಬರುವವರಿಗೆ ಅದೇ ಬೇಕಿತ್ತು. ಆ ಚಿತ್ರ ಕ್ಯಾಲೋಟೈಪ್, ಅಂದರೆ ಬೆಳ್ಳಿಯ ಲವಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳುವ ಹಳೆಯ ವಿಧಾನದ್ದು. ಕಾಗದದ ನಾರಿನಲ್ಲಿ ಇಂಗಿದಂತಿರುವ ಆ ನೆರಳಿನ ಹದವನ್ನು ನಾನೂ ಅದೇ ಊರಿನಲ್ಲಿ ತೆಗೆಯುತ್ತೇನೆಂದಾಗ, ಫೋನಿನಲ್ಲಿ ಒಂದು ಫಿಲ್ಟರ್ ಹಾಕಿದರಾಯಿತು ಎಂದು ಗೆಳೆಯರು ನಕ್ಕಿದ್ದರು.

ಮೊದಲ ಬೇಸಿಗೆ ಪೂರ್ತಿ ಹಾಳಾಯಿತು. ಗ್ಯಾಲೋ-ನೈಟ್ರೇಟ್ (ಸಿಲ್ವರ್ ನೈಟ್ರೇಟ್ ಮತ್ತು ಗ್ಯಾಲಿಕ್ ಆಸಿಡ್ ಬೆರೆಸಿದ ದ್ರಾವಣ) ಹಚ್ಚಿದ ಹಾಳೆ ಕ್ಯಾಮೆರಾ ಸೇರುವ ಮೊದಲೇ ಮೆಣಸು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿಂದ ತುಂಬುತ್ತಿತ್ತು. ಗ್ಯಾಲಿಕ್ ಆಸಿಡ್ ಹಳತೆಂದು ಹೊಸದನ್ನು ತಂದೆ, ನೀರು ಸರಿಯಿಲ್ಲವೆಂದು ಡಿಸ್ಟಿಲ್ಡ್ ವಾಟರಿಗೆ ಬದಲಾಯಿಸಿದೆ. ಸುಮಾರು ನಲವತ್ತು ಹಾಳೆಗಳು ಕಸದ ಬುಟ್ಟಿ ಸೇರಿದವು, ಸಿಲ್ವರ್ ನೈಟ್ರೇಟ್ ಒಂದೇ ಇನ್ನೂರು ಪೌಂಡಿನಷ್ಟು ನುಂಗಿತು. ಈ ವಿಧಾನ ಕಂಡುಹಿಡಿದ ಟಾಲ್ಬಟ್ ಅವರ ಪೇಟೆಂಟ್ ಸ್ಕಾಟ್ಲೆಂಡಿಗೆ ಅನ್ವಯಿಸದಿದ್ದುದರಿಂದ ಹಿಲ್-ಆಡಮ್‌ಸನ್ ಜೋಡಿಗೆ ಶುಲ್ಕದ ಕಾಟವಿರಲಿಲ್ಲ. ನನಗೆ ಬೆಳ್ಳಿಯ ಬೆಲೆಯೇ ಕಾಟವಾಯಿತು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಕಾಗದವೇ: ಬಾಳಿಕೆ ಬರಲೆಂದು ಈಗಿನ ಗಿರಣಿಗಳು ಅದಕ್ಕೆ ಸೇರಿಸುವ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಳೆಯನ್ನು ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಸಣ್ಣ ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಚುಕ್ಕೆಗಳು ಮಾಯವಾದವು. ಎಷ್ಟು ಬೆರೆಸುತ್ತೇನೆ, ನಡುವೆ ಇನ್ನೇನು ಮಾಡುತ್ತೇನೆ ಎಂಬುದನ್ನು ಇನ್ನೂರು ಪೌಂಡು ಕೊಟ್ಟು ಕಲಿತಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದ ಕಾಗದದ ಚೂರುಗಳ ಮೇಲೆ ಜರಿಗಿಡದ ಎಲೆಗಳನ್ನಿಟ್ಟು ಬಿಸಿಲಿಗೆ ಹಿಡಿದದ್ದು ಬೇರೆಯೇ ಹುಚ್ಚು. ಸಸ್ಯಶಾಸ್ತ್ರ ಬಲ್ಲ ಟಾಲ್ಬಟ್ ಕೂಡ ಎಲೆಗಳಿಂದಲೇ ಪ್ರಯೋಗ ಮಾಡಿದವರು. ನಾಚಿಕೆಯ ಮಾತೆಂದರೆ, ಆ ಎಲೆಯ ನರಗಳು ನನ್ನ ಮೊದಲ ಮುಖಚಿತ್ರಕ್ಕಿಂತ ಸ್ಪಷ್ಟವಾಗಿ ಬಂದವು.

ಮೂರನೆಯ ಬೇಸಿಗೆಯಲ್ಲಿ ಪರಿಚಿತ ಹಿರಿಯರೊಬ್ಬರನ್ನು ಹಿತ್ತಲಿನ ಬಿಸಿಲಿನಲ್ಲಿ ಎರಡೂವರೆ ನಿಮಿಷ ಕೂರಿಸಿದೆ. ಎರಡು ಸಲ ತಲೆ ಅಲುಗಿ ಮುಖ ಮಸುಕಾಯಿತು. ಆಮೇಲೆ ಮೊಣಕೈಯನ್ನು ಪುಸ್ತಕದ ಕಟ್ಟಿನ ಮೇಲೂರಿ ಕೆನ್ನೆಗೆ ಕೈ ಆನಿಸಿಕೊಳ್ಳಲು ಹೇಳಿದೆ. ಹಿಲ್ ಅವರ ಚಿತ್ರಗಳಲ್ಲಿ ಎಷ್ಟೋ ಜನ ಹಾಗೇಕೆ ಒರಗಿ ಕುಳಿತಿದ್ದಾರೆಂಬುದು ನನಗೆ ಆಗ ಹೊಳೆಯಿತು. ಕಪ್ಪಾಗಿ ಕಾಣುತ್ತಿದ್ದ ಕಣ್ಣಗುಳಿಗೆ ಗಡ್ಡ ಹೆರೆಯುವ ಕನ್ನಡಿಯಿಂದ ಬೆಳಕು ತಿರುಗಿಸಿದೆ. ನೆಗೆಟಿವ್‌ಗೆ ಬೆಳಕು ಹಾಯಲೆಂದು ಮೇಣ ಇಳಿಸಿ, ಉಪ್ಪಿನ ಕಾಗದದ (ಉಪ್ಪು ಮತ್ತು ಬೆಳ್ಳಿಯ ಲವಣ ಹಚ್ಚಿದ ಹಾಳೆ) ಮೇಲೆ ಪ್ರಿಂಟ್ ಹಾಕಿದಾಗ ಶಾಲಿನ ಕುಚ್ಚು ಎಳೆಎಳೆಯಾಗಿ ಮೂಡಿತ್ತು. ಫಿಲ್ಟರ್ ಎಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಸರದಿ ಯಾವಾಗ ಎಂದು ಕೇಳುತ್ತಿದ್ದಾರೆ. ಹಾಳೆಯ ಖರ್ಚು ಅವರದೇ.