ಏಣಿಯಿಂದ ಬಿದ್ದವರ ಕೈಯಲ್ಲಿ ಯಾವ ನರಕ್ಕೆ ಪೆಟ್ಟಾಗಿದೆ?

ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗ, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ವಿರಾಜಪೇಟೆ ಕಡೆ ಪ್ರತಿ ವರ್ಷ ಇದ್ದೇ ಇರುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವಷ್ಟರಲ್ಲಿ ಮೂಳೆ ಕೂಡಿರುತ್ತದೆ, ಗಾಯ ಒಣಗಿರುತ್ತದೆ, ಬೆರಳು ಮಾತ್ರ ಮಾತು ಕೇಳುವುದಿಲ್ಲ. ಅದಕ್ಕೇ ತೋಟದ ಮೇಸ್ತ್ರಿಗಳಿಗೆ ಪೆಟ್ಟಾದ ದಿನವೇ ಇದನ್ನು ನೋಡಿ ಅಂತ ಹೇಳಿಕೊಡುತ್ತೇನೆ.

ರಕ್ತ ಬರ್ತಿದ್ದರೆ ಮೊದಲು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮೂಳೆ ಮುರಿದಿರೋ ಹಾಗಿದ್ದರೆ ತೋಳು ಅಲ್ಲಾಡಿಸಬೇಡಿ, ಬೆರಳಿನ ಪರೀಕ್ಷೆಯಷ್ಟೇ ಸಾಕು.

ಕೈಗೆ ಬರುವ ಮುಖ್ಯ ನರ ಮೂರು. ಕಣ್ಣು ಮುಚ್ಚಿಸಿ ಒಂದೊಂದಕ್ಕೂ ಒಂದು ಜಾಗ ಮುಟ್ಟಿ. ತೋರುಬೆರಳ ತುದಿ ಮೀಡಿಯನ್ ನರದ್ದು. ಕಿರುಬೆರಳ ತುದಿ ಅಲ್ನರ್ ನರದ್ದು. ಕೈ ಹಿಂಭಾಗದಲ್ಲಿ ಹೆಬ್ಬೆರಳು, ತೋರುಬೆರಳ ನಡುವಿನ ಜಾಗ ರೇಡಿಯಲ್ ನರದ್ದು. ಸರಿಯಿರುವ ಕೈಯನ್ನೂ ಮುಟ್ಟಿ, ವ್ಯತ್ಯಾಸ ಕೇಳಿ.

ಆಮೇಲೆ ಚಲನೆ. ಮಣಿಕಟ್ಟು ಮೇಲೆತ್ತಲಾಗದೆ ಕೈ ಜೋತುಬಿದ್ದರೆ ರೇಡಿಯಲ್. ಈ ನರ ತೋಳಿನ ಮೂಳೆಗೆ ಅಂಟಿಕೊಂಡಂತೆ ಸುತ್ತಿ ಹೋಗುತ್ತದೆ, ಅಲ್ಲಿ ಮೂಳೆ ಮುರಿದರೆ ಇದಕ್ಕೂ ಪೆಟ್ಟಾಗಬಹುದು. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ಸೂರಿನ ಕಡೆ ನೇರ ಎತ್ತಿಸಿ. ಆಗದಿದ್ದರೆ ಮೀಡಿಯನ್. ಅಲ್ನರ್‌ಗೆ ಹಳೇ ಕರೆಂಟ್ ಬಿಲ್ ಸಾಕು: ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಹಿಡಿಸಿ, ನೀವು ಎಳೆಯಿರಿ. ಕಾಗದ ಬಿಡದಿರಲು ಹೆಬ್ಬೆರಳ ತುದಿ ಮಡಚಿಕೊಂಡರೆ ಅಲ್ನರ್ ಸೋತಿದೆ. ಮೊಣಕೈ ಒಳಬದಿಯಲ್ಲಿ ತಗುಲಿದಾಗ ಜುಮ್ ಅನ್ನುತ್ತಲ್ವಾ, ಅದೇ ನರ.

ಮಣಿಕಟ್ಟಿಗೆ ಕತ್ತಿ ತಗುಲಿದ್ದರೆ ಇನ್ನೂ ಹುಷಾರು. ಹೊರಗೆ ಗಾಯ ಚಿಕ್ಕದು, ಒಳಗೆ ನರ ಪೂರ್ತಿ ತುಂಡಾಗಿರಬಹುದು. ಹೊಲಿಗೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ‘ಈ ಬೆರಳಿಗೆ ಸ್ಪರ್ಶ ಗೊತ್ತಾಗ್ತಿಲ್ಲ’ ಅಂತ ಡಾಕ್ಟರಿಗೆ ಹೇಳಿ. ಇಂಜೆಕ್ಷನ್ ಆದಮೇಲೆ ಬೆರಳು ಅದರಿಂದಲೂ ಜೋಮು ಹಿಡಿಯಬಹುದು, ಏನೂ ತಿಳಿಯುವುದಿಲ್ಲ. ತುಂಡಾದ ನರವನ್ನು ಬೇಗ ಜೋಡಿಸಿದಷ್ಟೂ ಒಳ್ಳೆಯದು.

ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತೋಳಿನಿಂದ ಬೆರಳಿಗೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಸುಮ್ನೆ ಕೂತರೆ ಬೆರಳ ಕೀಲುಗಳು ಬಿಗಿಯುತ್ತವೆ. ಡಾಕ್ಟರು ಒಪ್ಪಿದ ಮೇಲೆ, ಇನ್ನೊಂದು ಕೈಯಿಂದ ಒಂದೊಂದೇ ಬೆರಳನ್ನು ದಿನಾ ಮಡಚಿ ಬಿಡಿಸಿ. ಕೈ ಜೋತುಬೀಳದಂತೆ ಸ್ಪ್ಲಿಂಟ್ (ಮಣಿಕಟ್ಟಿಗೆ ಆಸರೆ ಕೊಡುವ ಪಟ್ಟಿ) ಹಾಕಿ. ಎಣ್ಣೆ ತಿಕ್ಕಿದರೆ ನರ ಬೇಗ ಬೆಳೆಯುವುದಿಲ್ಲ, ಯಾರು ಏನೇ ಹೇಳಲಿ.

ಮಳೆಗಾಲದಲ್ಲಿ ಸ್ಪರ್ಶವಿಲ್ಲದ ಕೈಯನ್ನು ಒಲೆ ಮುಂದೆ ಕಾಯಿಸಬೇಡಿ, ಸುಟ್ಟರೂ ತಿಳಿಯದು. ಹಂಡೆಯ ನೀರನ್ನು ಸರಿಯಿರುವ ಕೈಯಿಂದಲೇ ನೋಡಿ.